ಅರ್ಧಕ್ಕೆ ನಿಂತ ದಂಡಿನ ಧಾಟಿ

ಸಕಲ ತುತ್ತೂರಿ ಸಾಮ್ರಾಜ್ಯದ ಏಕಮೇವ ಚಕ್ರವರ್ತಿಗಳೂ, ಗಜೇಂದ್ರಗಡದ ಮದುವೆ ಮೆರವಣಿಗೆಗಳ ಮಹಾಮಂಡಲೇಶ್ವರರೂ, ನನ್ನ ಎಡಗಿವಿಯನ್ನು ಹಿಂಡಿ ಹಿಂಡಿ ಬಲಗಿವಿಗಿಂತ ಉದ್ದ ಮಾಡಿದ ಗುರುವರ್ಯರೂ ಆದ ಶ್ರೀಮನ್ ಈರಪ್ಪ ಕಾಕಾ ಅವರ ಸ್ವರ್ಗಸ್ಥ ಪಾದಗಳಿಗೆ,

ನರಗುಂದದ ಆ ಮದುವೆ ನೆನಪಿದೆಯೇ? ಕುದುರೆಯ ಮುಂದೆ ನೀವು, ಪಕ್ಕದಲ್ಲಿ ಎರಡನೇ ತುತ್ತೂರಿ ನಾನು. ವರನ ಸೋದರಮಾವ ಅಡ್ಡ ಬಂದ. "ಮಿಲಿಟ್ರಿ ಬ್ಯಾಂಡಿನ್ಯಾಗ ಇದ್ದವರು ನೀವು. ಆ ದಂಡಿನ ಧಾಟಿ ಊದ್ರಿ ನೋಡೂಣು!" ನೀವು ತುತ್ತೂರಿ ಇಳಿಸಿದಿರಿ. "ಅದನ್ನ ಊದಿ ಹುಡುಗರನ್ನ ರೈಲು ಹತ್ತಿಸಿದ್ನಿ. ಯುದ್ಧ ಮುಗದು ಬಂದಾಗೂ ಅದನ್ನ ಊದು ಅಂದ್ರು. ಇಳದವರು ಅರ್ಧ ಮಂದಿನೂ ಇರ್ಲಿಲ್ಲ. ಗೆದ್ದೀವಿ ಅಂದ್ರು. ಏನ್ ಗೆದ್ದೀವಿ ಅಂತ ಯಾರೂ ಹೇಳ್ಲಿಲ್ಲ. ನಿಮ್ಮ ಕುದ್ರಿ ಕುಣಿಸಾಕ ಬ್ಯಾರೆ ಹಾಡು ಐತಿ, ತಡೀರಿ." ನೀವು ಆ ಹಾಡು ಊದಿದ್ದೇ ತಡ, ಕುದುರೆಗಿಂತ ಮೊದಲು ಸೋದರಮಾವನೇ ಕುಣಿದ.

ನೀವು ಹೋದ ಮೇಲಿನ ಸುದ್ದಿ ಕೇಳಿ. ರೋಣದ ನಾವು ನಾಲ್ವರು ಸೇರಿ ರಾಕ್ ಆಲ್ಬಮ್ ಮಾಡಿದ್ದೇವೆ. ಮೊದಲ ಹಾಡು ನಿಮ್ಮ ಮಾತೇ: 'ಏನ್ ಗೆದ್ದೀವಿ?' ಡ್ರಮ್ ಬಾರಿಸುವ ಬಸ್ಯಾ ತಕರಾರು ತೆಗೆದ. "ಲೇ, ಯುದ್ಧದ ಹಾಡಂದ್ರ ಜೋಶ್ ಬೇಕಲೇ!" "ಇದು ಯುದ್ಧ ಮುಗದ ಮ್ಯಾಲಿನ ಹಾಡು. ಜೋಶ್ ಎಲ್ಲಾ ಸ್ಟೇಶನ್ನಿನ್ಯಾಗ ಬಿಟ್ಟು ಬಂದಾರ," ಎಂದೆ. ಎಂಥ ಮಾತು! ನಾನೇ ಬೆರಗಾದೆ. ಹಾಡು ಶುರುವಾಗುವುದು ಆ ಧಾಟಿಯಿಂದಲೇ. ನೀವು ಕಲಿಸಲಿಲ್ಲವಲ್ಲ, ಮೊಬೈಲಿನಲ್ಲಿ ಕೇಳಿ ಕಲಿತೆ. ನಡುವೆ ಅದು ತಟಕ್ಕನೆ ನಿಲ್ಲುತ್ತದೆ. ಮೌನ. ಆಮೇಲೆ ಗಿಟಾರ್.

ಆದರೆ ನಿಮ್ಮ ಮನೆಯವರು, ನಮ್ಮ ಶಾಂತವ್ವ ಕಾಕಿ, ಬೇಡ ಎಂದುಬಿಟ್ಟರೆ? ಹಾಗೆಂದರೆ ಹಾಡನ್ನೇ ತೆಗೆಯುವುದೆಂದು ಮನಸ್ಸು ಗಟ್ಟಿ ಮಾಡಿ ಅವರ ಕಿವಿಗೆ ಹೆಡ್‌ಫೋನ್ ಹಾಕಿದೆ. ತುತ್ತೂರಿ ನಿಂತಲ್ಲಿ ಅವರು ನನ್ನ ಕೈ ಹಿಡಿದರು. "ಹಿತ್ತಲದಾಗ ಒಬ್ಬರ ಇದ್ದಾಗ ಇದನ್ನ ಊದತಿದ್ರೋ. ಇಲ್ಲಿಗೇ ಬಂದು ನಿಲ್ಲಸತಿದ್ರು. ಮುಂದ ಅವರ ಕೈಲೆ ಆಗ್ತಿರ್ಲಿಲ್ಲ. ನಿನಗ ಹ್ಯಾಂಗ ಗೊತ್ತಾತೋ, ಖೋಡಿ? ಇರ್ಲಿ. ಮೊದಲನೇದ್ದ ಇರ್ಲಿ."

ಮೊನ್ನೆ ಗಜೇಂದ್ರಗಡದಲ್ಲಿ ನುಡಿಸಿದೆವು. ಮುಂದಿನ ಸಾಲಿನ ತುಂಬ ನಿವೃತ್ತ ಸೈನಿಕರು. ಧಾಟಿ ನಿಂತಾಗ ಒಬ್ಬರು ಮೆಲ್ಲಗೆ ಎದ್ದು ನಿಂತರು. ಆಮೇಲೆ ಇನ್ನೊಬ್ಬರು. ಆಮೇಲೆ ಇಡೀ ಸಾಲು... ಮೈಕಿನಲ್ಲಿ ನಿಮ್ಮ ಹೆಸರು ಹೇಳುವಾಗ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ, ಏನು ಹೇಳಲಿ ಕಾಕಾ! ಆ ಮೌನ ಹೇಗೆ ಹೊಳೆಯಿತೆಂದು ಕೇಳಿದವರಿಗೆಲ್ಲ ಕಣ್ಣು ಮುಚ್ಚಿ, "ಗುರುಕೃಪೆ" ಎನ್ನುತ್ತಿದ್ದೇನೆ.

ನಿಮಗೊಬ್ಬರಿಗೇ ನಿಜ ಹೇಳುತ್ತೇನೆ. ಕನಸಿನಲ್ಲಿ ಬಂದು ಕಾಕಿಗೆ ಹೇಳಿಬಿಟ್ಟೀರಿ, ಜೋಕೆ. ರೆಕಾರ್ಡಿಂಗಿಗೆ ಮುಂಚೆ ಎರಡು ಪ್ಲೇಟ್ ಮಿರ್ಚಿ ಭಜಿ ತಿಂದಿದ್ದೆ. ಧಾಟಿ ಊದುತ್ತ ಸರಿಯಾಗಿ ಆ ಜಾಗಕ್ಕೆ ಬರುವಷ್ಟರಲ್ಲಿ ಬಿಕ್ಕಳಿಕೆ ಬಂತು.