ಒಂದೇ ಡಿಪೋದ ಬಸ್ಸು

ಸಾಸ್ವೆಹಳ್ಳಿ
ಗುರುವಾರ, 5 ಜೂನ್ 2025

ಪ್ರೀತಿಯ ಅಪ್ಪಾ,

ಕೈ ಹೇಗಿದೆ? ಹಾಸ್ಟೆಲಿನಲ್ಲಿ ಸಾರಿನ ಹಂಡೆ ಇಳಿಸುವಾಗ ಮಣಿಕಟ್ಟಿನ ಮೇಲೆ ಚೆಲ್ಲಿಕೊಂಡೆಯಂತೆ. ಫೋನಿನಲ್ಲಿ ‘ಏನಿಲ್ಲ, ಒಂದು ಬೊಬ್ಬೆ’ ಅಂದೆ. ನೀನು ಏನಿಲ್ಲ ಅಂದಾಗಲೆಲ್ಲ ಏನೋ ಇರುತ್ತದೆ ಅಂತ ನನಗೆ ಗೊತ್ತು. ಅದಕ್ಕೆ ಪೇಸ್ಟ್ ಹಚ್ಚಬೇಡ, ನರ್ಸಮ್ಮನಿಗೆ ತೋರಿಸು. ಇಲ್ಲಿ ನಾವು ಚೆನ್ನಾಗಿದ್ದೇವೆ. ಅವ್ವನ ಮಂಡಿನೋವು ಮೋಡ ಕಂಡ ಕೂಡಲೇ ಶುರುವಾಗಿದೆ. ಯುಗಾದಿಗೆ ಬಂದಾಗ ನೀನು ನಾಲ್ಕು ಜನಕ್ಕೆ ಅಂತ ಮಾಡಿದ ಉಪ್ಪಿಟ್ಟನ್ನು ಇಡೀ ಓಣಿ ತಿಂದಿತ್ತಲ್ಲ, ಪಕ್ಕದ ಮನೆ ಕಸ್ತೂರಮ್ಮ ಅದನ್ನು ಇನ್ನೂ ಬಿಟ್ಟಿಲ್ಲ. ‘ನಿಮ್ಮಪ್ಪಂಗೆ ಸಣ್ಣ ಪಾತ್ರೆ ಕಣ್ಣಿಗೇ ಕಾಣಲ್ವೇನೇ ಓಬಿ?’ ಅಂತ ನಗುತ್ತಾಳೆ. ಹಾಸ್ಟೆಲಿನ ಅಷ್ಟೂ ಮಕ್ಕಳಿಗೆ ಬೇಯಿಸುವ ಕೈ, ಏನು ಮಾಡುವುದು.

ಪತ್ರದಲ್ಲಿ ದೊಡ್ಡವರಿಗೆ ‘ನೀವು’ ಅಂತ ಬರೆಯಬೇಕು ಅಂತ ರಕ್ಷಾ ಒಮ್ಮೆ ಈ ಅಕ್ಕನಿಗೇ ಪಾಠ ಹೇಳಿದ್ದಳು. ಮನೆಯಲ್ಲಿ ನೀನು ಅಂದು ಕಾಗದದಲ್ಲಿ ನೀವು ಅಂದರೆ ಯಾರೋ ಸಾಹೇಬರಿಗೆ ಬರೆದ ಹಾಗಾಗುತ್ತದೆ, ಅದಕ್ಕೆ ಬಿಟ್ಟೆ. ಫೋನ್ ಇರುವಾಗ ಪತ್ರ ಯಾಕೆ ಅಂದುಕೊಳ್ಳುತ್ತೀಯ. ನಮ್ಮ ಮನೆಯ ಫೋನ್ ನಿನಗೆ ಗೊತ್ತಲ್ಲ, ನಿನ್ನ ಹೆಸರು ಬಂದ ಕೂಡಲೇ ಅವ್ವ ಸ್ಪೀಕರ್ ಒತ್ತಿ ನಡುಮನೆಯಲ್ಲಿ ಇಡುತ್ತಾಳೆ. ಒಬ್ಬರಿಗೆ ಮಾತ್ರ ಹೇಳಬೇಕಾದ ಮಾತನ್ನು ಅದರಲ್ಲಿ ಹೇಳಲಾಗುವುದಿಲ್ಲ. ಟೈಲ್ಸ್ ಹಾಕುವ ಪರಮೇಶಣ್ಣ ನಾಳೆ ಬೆಳಿಗ್ಗೆ ಜಗಳೂರಿಗೆ ಕೆಲಸಕ್ಕೆ ಬರುತ್ತಿದ್ದಾನೆ. ಅವನ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ.

ವಿಷಯ ರಕ್ಷಾಳ ಕಾಲೇಜಿನದು. ಸೋಮವಾರದೊಳಗೆ ಡಿಗ್ರಿಗೆ ಅರ್ಜಿ ಹಾಕಬೇಕು. ಮೊಬೈಲಿನಲ್ಲೇ ಹಾಕುವುದು. ಮೊದಲು ವಿಶ್ವವಿದ್ಯಾಲಯ ಆರಿಸಬೇಕು, ಆಮೇಲೆ ಅದರ ಕೆಳಗಿನ ಕಾಲೇಜು. ವಿಶ್ವವಿದ್ಯಾಲಯದ ಚಿಂತೆಯಿಲ್ಲ, ನಾವು ನೋಡುತ್ತಿರುವ ಎರಡೂ ಕಾಲೇಜು ಒಂದರ ಕೆಳಗೇ ಬರುತ್ತವೆ. ಜಗಳ ಕಾಲೇಜಿನದು. ಹೊನ್ನಾಳಿಯದು ಹಾಕಿದರೆ ಪಿಯುಸಿಗೆ ಹೋದ ಹಾಗೆ ದಿನಾ ಬಸ್ಸಿನಲ್ಲಿ ಅಪ್ ಡೌನ್. ಅವ್ವನಿಗೆ ಅದು ಬೇಡ. ಹೋದ ವರ್ಷ ಬಸ್ಸಿನಲ್ಲಿ ಯಾವನೋ ರಕ್ಷಾಳ ಫೋಟೋ ತೆಗೆದದ್ದು, ಅದು ಊರ ಹುಡುಗರ ಫೋನಿಗೆಲ್ಲ ಹೋದದ್ದು ನಿನಗೆ ಗೊತ್ತು. ಕಿಟಕಿ ಪಕ್ಕ ಕೂತು ಹೊರಗೆ ನೋಡುತ್ತಿದ್ದಳು, ಅಷ್ಟೇ ಇದ್ದದ್ದು ಅದರಲ್ಲಿ. ಆದರೂ ಅವ್ವನಿಗೆ ಎಷ್ಟೋ ದಿನ ಅನ್ನ ಸೇರಲಿಲ್ಲ. ‘ಬಸ್ಸಿನಾಗೆ ಹೋಗಿ ಬರೋ ಹುಡ್ಗೀರ ಮ್ಯಾಲೆ ಊರೋರಿಗೆ ದಿನಕ್ಕೊಂದು ಕತೆ ಬೇಕು’ ಅನ್ನುತ್ತಾಳೆ. ಅವಳು ಹೇಳುವುದು ಸುಳ್ಳಲ್ಲ.

ಅದಕ್ಕೆ ಅವ್ವ ಚನ್ನಗಿರಿಯ ಒಂದು ಖಾಸಗಿ ಕಾಲೇಜು ಹುಡುಕಿದ್ದಾಳೆ. ಅವಳ ತವರಿನ ಕಡೆಯ ಕರಿಬಸಮ್ಮ ಅಲ್ಲಿ ರೊಟ್ಟಿ ಮಾಡಿ ಮಾರುತ್ತಾಳೆ, ಮನೆಯ ಮೇಲೊಂದು ರೂಮು ಖಾಲಿ ಇದೆ, ಕಾಲೇಜು ನಡೆದು ಹೋಗುವಷ್ಟು ಹತ್ತಿರ. ಬಸ್ಸೂ ಇಲ್ಲ, ಕತೆಯೂ ಇಲ್ಲ. ಆದರೆ ರಕ್ಷಾಳನ್ನು ಒಬ್ಬಳೇ ಬಿಡುವುದಿಲ್ಲ. ‘ನೀನೂ ಹೋಗಿ ಬೇಯಿಸಿ ಹಾಕ್ಕೊಂಡು ಅವಳನ್ನ ಕಾಯ್ಕೊಂಡಿರು’ ಅಂದಳು ನನಗೆ. ‘ಕಾಯಾಕೆ ಅವಳೇನು ಮೇಕೇನಾ?’ ಅಂದೆ. ‘ಮೇಕೆ ಆಗಿದ್ರೆ ಕಟ್ಟಿ ಹಾಕ್ತಿದ್ದೆ, ನಿನ್ನ ಯಾಕೆ ಕೇಳ್ತಿದ್ದೆ?’ ಅಂದಳು. ನಾನು ಮುಖ ಊದಿಸಿಕೊಂಡು ಎದ್ದು ಹೋದೆ. ಹೊರಗೆ ಮುಖ ಊದಿತ್ತು, ಒಳಗೆ ಕುಣಿಯುತ್ತಿದ್ದೆ ಅಪ್ಪಾ. ನಿನ್ನ ಮುಂದೆ ಯಾಕೆ ಮುಚ್ಚಿಡಲಿ.

ನಾನು ಹತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟದ್ದು ಯಾರೋ ಬಿಡಿಸಿದ್ದರಿಂದಲ್ಲ, ಕೂರಲಾಗದೆ. ಟೈಲರಿಂಗ್ ಕ್ಲಾಸಿನಲ್ಲೂ ಕೂರಲಾಗಲಿಲ್ಲ. ನ್ಯಾಮತಿಯ ಮೊಬೈಲ್ ಅಂಗಡಿಯಲ್ಲಿ ಮಾತ್ರ ಇಷ್ಟಪಟ್ಟು ನಿಂತಿದ್ದೆ. ಗಿರಾಕಿಯೊಬ್ಬರು ‘ಇದು ಒರಿಜಿನಲ್ ಚಾರ್ಜರ್ರೇನಮ್ಮ?’ ಅಂತ ಕೇಳಿದರು, ಅಲ್ಲ ಅಂದೆ, ಅವತ್ತೇ ಮಾಲೀಕ ನನ್ನನ್ನು ಮನೆಗೆ ಕಳಿಸಿದ. ಆಮೇಲೆ ನನ್ನ ಪ್ರಪಂಚ ಎಂದರೆ ದನ, ನೀರು, ಒಲೆ, ಮತ್ತೆ ದನ. ನನ್ನನ್ನು ನೋಡಲು ಬರುವವರಿಗೂ ಅವ್ವ ಇಷ್ಟನ್ನೇ ಹೇಳುತ್ತಾಳೆ, ಮನೆ ಕೆಲಸದಲ್ಲಿ ಚುರುಕು ಅಂತ. ಊರಿನಲ್ಲಿ ಎಲ್ಲಿ ಹೊರಟರೂ ‘ಎಲ್ಲಿಗೇ?’ ಅಂತ ಕೇಳುವವರು ಬೀದಿಗೊಬ್ಬರು. ಎಲ್ಲಿಗೂ ಇಲ್ಲ ಅನ್ನುವುದೇ ನಿಜವಾದ ಉತ್ತರ.

ಮಂಗಳವಾರ ರೂಮು, ಕಾಲೇಜು ಎರಡನ್ನೂ ನೋಡಿ ಬಾ ಅಂತ ಅವ್ವ ನನ್ನನ್ನೇ ಕಳಿಸಿದಳು. ರೂಮು ಚಿಕ್ಕದು, ಕಬ್ಬಿಣದ ಏಣಿ ಹತ್ತಿ ಹೋಗಬೇಕು. ಕಿಟಕಿ ತೆಗೆದರೆ ಕೆಳಗೆ ಬೀದಿ. ಅಲ್ಲಿ ಹೋಗುವವರು ಒಬ್ಬರೂ ತಲೆಯೆತ್ತಿ ನೋಡಲಿಲ್ಲ. ಸುಮಾರು ಹೊತ್ತು ಹಾಗೇ ನಿಂತಿದ್ದೆ. ಕೆಳಗಿಳಿದಾಗ ಕರಿಬಸಮ್ಮ ‘ರೊಟ್ಟಿ ತಟ್ಟಾಕೆ ಬರ್ತೈತೇನೇ?’ ಅಂತ ಹಿಟ್ಟು ಮುಂದಿಟ್ಟಳು. ತಟ್ಟಿ ತೋರಿಸಿದೆ. ಅಂಚು ಹಿಡಿದು ಎತ್ತಿ ಬೆಳಕಿಗೆ ಹಿಡಿದು ನೋಡಿ, ‘ಕೈ ಐತೆ ನಿಂಗೆ. ತಂಗಿ ಕಾಲೇಜಿಗೆ ಹೋದ ಮ್ಯಾಲೆ ರೂಮಿನಾಗೆ ಕುಂತು ಏನ್ ಮಾಡ್ತೀಯ, ನನ್ ಜೊತೆ ಬಾ. ಕೂಲಿ ಕೊಡ್ತೀನಿ, ಬಿಟ್ಟಿ ಅಲ್ಲ’ ಅಂದಳು. ನಿನ್ನ ಕೈ ಅದು, ಅಪ್ಪಾ. ಅವಳಿಗೆ ಹೇಳಲಿಲ್ಲ, ನಿನಗೆ ಹೇಳುತ್ತಿದ್ದೇನೆ.

ಆಮೇಲೆ ಕಾಲೇಜಿಗೆ ಹೋದೆ. ಆಫೀಸಿನವರು ‘ಬನ್ರೀ, ಕೂತ್ಕಳ್ರೀ, ಯಾವ ಕೋರ್ಸ್ ಬೇಕ್ರೀ?’ ಅಂದರು. ನನಗೆ ರೀ ಹಚ್ಚಿ ಮಾತಾಡಿದವರು ಅವರೇ ಮೊದಲು. ಓದುವವಳು ನಾನಲ್ಲ, ನನ್ನ ತಂಗಿ, ಅವಳಿಗೆ ಬಿ.ಎ.ನಲ್ಲಿ ಭೂಗೋಳ ಬೇಕು ಅಂದೆ. ‘ಭೂಗೋಳ ನಮ್ಮಲ್ಲಿ ಇಲ್ಲ. ಹಿಸ್ಟರಿ ಐತಲ್ಲ, ಅದೂ ನೆಲದ ವಿಷ್ಯಾನೇ’ ಅಂದರು. ತಮಾಷೆ ಅಂದುಕೊಂಡೆ. ಅಲ್ಲ. ‘ಯೂನಿವರ್ಸಿಟಿ ಒಂದೇ ಕಣಮ್ಮ, ಎಲ್ಲಿ ಓದಿದ್ರೂ ಸರ್ಟಿಫಿಕೇಟ್ ಮ್ಯಾಲೆ ಮೊಹರು ಒಂದೇ’ ಅಂತ ಸಮಾಧಾನ ಹೇಳಿದರು. ‘ಒಂದೇ ಡಿಪೋದ ಬಸ್ಸು ಅಂತ ಯಾವುದನ್ನ ಹತ್ತಿದ್ರೂ ನಮ್ಮೂರು ಬರ್ತೈತೇನ್ರೀ?’ ಅಂದೆ. ಅವರು ಜೋರಾಗಿ ನಕ್ಕು, ‘ಓದಾಕೆ ನೀವೇ ಬರ್ರಿ’ ಅಂದರು. ಒಳ್ಳೆಯವರೇ. ಆದರೆ ಭೂಗೋಳ ಇಲ್ಲ.

ರಕ್ಷಾಳಿಗೆ ಭೂಗೋಳ ಎಂದರೆ ಏನು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀನು ಮೊದಲ ಸಲ ಜಗಳೂರಿಗೆ ಹೊರಟಾಗ ದಾರಿಯ ನಕ್ಷೆ ಬರೆದುಕೊಟ್ಟಿದ್ದಳಲ್ಲ, ಎಲ್ಲಿ ಬಸ್ ಬದಲಿಸಬೇಕು, ಯಾವ ಕಡೆ ಕೂತರೆ ಬಿಸಿಲು ಬೀಳುವುದಿಲ್ಲ ಅಂತ ಬಾಣದ ಗುರುತು ಹಾಕಿ. ಆ ಹಾಳೆ ಇನ್ನೂ ನಿನ್ನ ಅಂಗಿ ಜೇಬಿನಲ್ಲಿದೆ ಅಂತ ನನಗೆ ಗೊತ್ತು, ಯುಗಾದಿಗೆ ಅಂಗಿ ಒಗೆದವಳು ನಾನು. ಹೊನ್ನಾಳಿಯ ಕಾಲೇಜಿನಲ್ಲಿ ಭೂಗೋಳ ಇದೆ. ಚನ್ನಗಿರಿಯದು ಹಾಕಿದರೆ ಭೂಗೋಳ ಇಲ್ಲ, ನನಗೆ ಆ ಕಿಟಕಿ ಇದೆ.

ವಾಪಸು ಬರುವಾಗ ಬಸವಾಪಟ್ಟಣ ದಾಟುವವರೆಗೆ ಒಂದು ಸುಳ್ಳನ್ನು ಬಾಯಲ್ಲಿ ಇಟ್ಟುಕೊಂಡೇ ಬಂದೆ. ಎಲ್ಲಾ ಐತೆ ಅಂತ ಎರಡು ಮಾತು, ಅಷ್ಟೇ. ಮನೆ ಹೊಸ್ತಿಲು ದಾಟಿದ ಮೇಲೆ ಅದು ಹೊರಗೆ ಬರಲಿಲ್ಲ, ನಿಜವೇ ಬಂತು. ಅವ್ವ ಕೈ ಕೊಡವಿದಳು. ‘ಭೂಗೋಳ ಓದಿ ಏನು ನೆಲ ಅಳೀತಾಳಾ? ಹಿತ್ತಲು ಐತೆ, ಅಳೀಲಿ’ ಅಂದಳು. ಆಮೇಲೆ ಪಾತ್ರೆ ತಿಕ್ಕುವಾಗ ರಕ್ಷಾ ನನ್ನ ಪಕ್ಕ ಬಂದು ಕೂತು, ‘ಹಿಸ್ಟರಿ ತಗೊಂತೀನಿ ಬಿಡಕ್ಕ, ನೀನು ಈ ಮನೆಯಿಂದ ಹೊರಗೆ ಬಂದಂಗೆ ಆಗ್ತೈತೆ’ ಅಂದಳು. ನನಗೆ ಬಂದ ಸಿಟ್ಟಿಗೆ ಅವಳ ಮೇಲೆ ಬೂದಿ ನೀರು ಎರಚಿದೆ. ಅವಳು ನಕ್ಕಳು. ಅಳುವುದನ್ನು ತಪ್ಪಿಸಲು ನಗುತ್ತಾಳಲ್ಲ, ಆ ನಗು.

ಈಗ ಅವಳೂ ಅವ್ವನೂ ಒಂದೇ ಪಕ್ಷ. ನಾನೊಬ್ಬಳೇ ಹೊನ್ನಾಳಿ ಅನ್ನುತ್ತಿದ್ದೇನೆ, ಅದೂ ಚನ್ನಗಿರಿಗೆ ಹೋಗಲು ಸಾಯುವಷ್ಟು ಆಸೆ ಇಟ್ಟುಕೊಂಡು. ಹೊನ್ನಾಳಿ ಆದರೆ ಏನಾಗುತ್ತದೆ ಅಂತ ಅವ್ವ ಆಗಲೇ ಹೇಳಿದ್ದಾಳೆ. ಬೆಳಿಗ್ಗೆ ಬಸ್ಸಿನ ತನಕ ರಕ್ಷಾಳ ಜೊತೆ ನಾನು ಹೋಗಬೇಕು, ಬಸ್ಸು ಹೊರಡುವವರೆಗೆ ನಿಂತಿರಬೇಕು, ಸಂಜೆ ಮತ್ತೆ ಹೋಗಿ ಕಾಯಬೇಕು. ಮೂರು ವರ್ಷ ದಿನಾ ಬಸ್ ಸ್ಟ್ಯಾಂಡಿಗೆ ಹೋಗುತ್ತೇನೆ, ಬಸ್ಸು ಹತ್ತುವುದಿಲ್ಲ. ನಾನು ತ್ಯಾಗ ಮಾಡುತ್ತಿದ್ದೇನೆ ಅಂತ ತಿಳಿಯಬೇಡ, ಅಷ್ಟು ಒಳ್ಳೆಯವಳಲ್ಲ. ರಕ್ಷಾ ಇಷ್ಟವಿಲ್ಲದ ಪುಸ್ತಕ ಹಿಡಿದು ಆ ರೂಮಿನಲ್ಲಿ ಕೂತಿದ್ದರೆ, ಕೆಳಗೆ ನನಗೆ ರೊಟ್ಟಿ ತಟ್ಟಲು ಆಗುವುದಿಲ್ಲ. ಅಷ್ಟೇ ಕಾರಣ. ದಾರಿ ಯಾವುದು ಅಂತ ನೀನೂ ಹೇಳಲಾರೆ, ನನಗೆ ಗೊತ್ತು. ಆದರೆ ನಾನು ಇಲ್ಲಿ ಹೀಗಿದ್ದೇನೆ ಅಂತ ಒಬ್ಬರಿಗಾದರೂ ಗೊತ್ತಿರಲಿ ಅಂತ ಬರೆದೆ.

ಹಬ್ಬಕ್ಕೆ ಕಾಯಬೇಡ, ರಜೆ ಸಿಕ್ಕರೆ ಬಾ. ನಿನ್ನ ಕೈಗೆ ಬಟ್ಟೆ ಸುತ್ತಿಕೊಂಡೇ ಹಂಡೆ ಹಿಡಿ. ನಿನ್ನ ಊಟ ತಿನ್ನುವ ಆ ಮಕ್ಕಳನ್ನೆಲ್ಲ ಕೇಳಿದೆ ಅಂತ ಹೇಳು.

ನಿನ್ನ ದೊಡ್ಡ ಮಗಳು,
ಓಬವ್ವ
(ಅಜ್ಜಿಯ ಹೆಸರು ನನಗಿಟ್ಟು ಹೊಸ ಹೆಸರು ತಂಗಿಗೆ ಇಟ್ಟದ್ದನ್ನು ನಾನಿನ್ನೂ ಮರೆತಿಲ್ಲ.)

ಶುಕ್ರವಾರ ಬೆಳಿಗ್ಗೆ. ಒಂದು ಮಾತು ಬರೆಯಲು ಮರೆತಿದ್ದೆ. ಪರಮೇಶಣ್ಣ ಹೊರಗೆ ಹಾರನ್ ಹೊಡೆಯುತ್ತಿದ್ದಾನೆ. ಅರ್ಜಿಗೆ ಕೊಟ್ಟಿರುವುದು ನಿನ್ನ ನಂಬರು, ಕೊನೆಗೆ ಓಟಿಪಿ ಬರುವುದು ನಿನ್ನ ಮೊಬೈಲಿಗೇ, ಅದನ್ನು ಹಾಕದೆ ಅರ್ಜಿ ಹೋಗುವುದಿಲ್ಲ. ಸೋಮವಾರ ಇವರು ಫೋನ್ ಮಾಡಿ ಅದನ್ನು ಕೇಳುತ್ತಾರೆ. ಯಾವ ಕಾಲೇಜು ಹಾಕಿದ್ದೀರಿ ಅಂತ ಮೊದಲು ಕೇಳು. ಹೊನ್ನಾಳಿ ಅಂದರೆ ಹೇಳು. ಚನ್ನಗಿರಿ ಅಂದರೆ ಹೇಳಬೇಡ, ಅವ್ವ ಬೈದರೂ ಹೇಳಬೇಡ, ರಕ್ಷಾ ನಗುತ್ತಾ ಕೇಳಿದರೂ ಹೇಳಬೇಡ. ಹೇಳಬೇಡ ಅಂತ ಬರೆದವಳು ಓಬಿ ಅಂತ ಅವರಿಗೆ ತಿಳಿಸು, ಮುಚ್ಚಿಡಬೇಡ. ಅಷ್ಟರಲ್ಲಿ ನನ್ನ ಮನಸ್ಸು ಬದಲಾಗಿ ನಾನೇ ಫೋನ್ ಕಿತ್ತುಕೊಂಡು ಕೇಳಿದರೂ, ಅಪ್ಪಾ, ನನಗೂ ಹೇಳಬೇಡ.