ಮಾವನ ಹೊಲಿಗೆ, ಅಮ್ಮನ ಅಂಟು

ಹದಿನೇಳನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ತಡವಾದದ್ದಕ್ಕೆ ಕೆಲಸದ ನೆಪ ಹೇಳುವಂತಿಲ್ಲ. ಬೇಕರಿಯ ಕೆಲಸವನ್ನೂ ಹೋದ ವಾರ ಬಿಟ್ಟೆ, ಕೈತುಂಬ ಪುರುಸೊತ್ತಿತ್ತು. ಧೈರ್ಯವಿರಲಿಲ್ಲ, ಅಷ್ಟೇ. ಕ್ಷಮಿಸು.

ನೀನು ಕೇಳಿದ್ದು ಒಂದೇ ಪ್ರಶ್ನೆ. ಜ್ವರ ಬಂದರೂ ಬೈಂಡಿಂಗ್ ಅಂಗಡಿಗೆ ಹೋಗುತ್ತಿದ್ದ ನಿನ್ನಪ್ಪ, ನನ್ನ ಮಾವ, ಸಾಯುವ ಮುಂಚಿನ ಮೂರು ವಾರ ಅದರ ಬಾಗಿಲು ಯಾಕೆ ತೆಗೆಯಲಿಲ್ಲ?

ನೀನು ಆಸ್ಪತ್ರೆಯ ಡ್ಯೂಟಿಗೆ ವಾಪಸಾದ ಮೇಲೂ ಬಂಧುಗಳು ಬರುತ್ತಲೇ ಇದ್ದರು. ಎಲ್ಲರ ಬಾಯಲ್ಲೂ ಮಾವನೇ. ಚಿಕ್ಕಮ್ಮ ತನ್ನ ಹಳೆಯ ನೋಟ್‌ಬುಕ್ ತಂದಿದ್ದಳು. ಮಾವ ಮಕ್ಕಳಿಗೆ ಹೊಲಿದುಕೊಟ್ಟ ಪುಸ್ತಕಗಳಲ್ಲಿ ಕೊನೆಗೊಂದು ಹಾಳೆ ಹೆಚ್ಚಿಗೆ ಇರುತ್ತಿತ್ತಂತೆ. "ಮೇಷ್ಟ್ರಿಗೆ ಗೊತ್ತಿಲ್ದೇ ಇರೋದನ್ನ ಇಲ್ಲಿ ಬರ್ಕೊ ಅಂತಿದ್ದ ಕಣೇ" ಎಂದು ನಕ್ಕಳು, ನಗುನಗುತ್ತಲೇ ಅತ್ತಳು. ದೊಡ್ಡಮಾವ, "ನನ್ನ ಇಂಟರ್‌ವ್ಯೂಗೆ ತನ್ನ ಬೂಟು ಬಿಚ್ಚಿಕೊಟ್ಟು ಬರಿಗಾಲಲ್ಲಿ ಮನೆಗೆ ಹೋದ, ಪುಣ್ಯಾತ್ಮ. ಕೆಲಸಾನೂ ಸಿಗ್ಲಿಲ್ಲ, ಬೂಟೂ ವಾಪಸ್ ಕೊಡ್ಲಿಲ್ಲ ನಾನು" ಎಂದರು. ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು.

ಆಮೇಲೆ ಪ್ರೆಸ್ಸಿನ ಯಜಮಾನರು, "ಕಣ್ಣು ಮಂಜಾದ್ರೂ ಅವರ ಹೊಲಿಗೆ ಮಾತ್ರ ಒಂದು ಕೂದಲೆಳೆ ಆಚೀಚೆ ಆಗ್ಲಿಲ್ಲ ನೋಡಿ" ಎಂದರು. ಅಮ್ಮ ಥಟ್ಟನೆ ಎದ್ದು ಖಾಲಿ ಲೋಟಗಳನ್ನು ಒಳಗೆ ತೆಗೆದುಕೊಂಡು ಹೋದಳು. ನಾನು ನೆಲ ನೋಡುತ್ತ ಕೂತೆ.

ಯಾಕೆಂದು ಈಗ ಕೇಳು. ಮಾವ ಹಾಳೆಗಳ ಕಟ್ಟುಗಳನ್ನು ಜೋಡಿಸಿ ಹೊಲಿಯುವುದು, ನಮ್ಮ ಮನೆಯಲ್ಲಿ ಅಮ್ಮ ಅಂಟು ಹಚ್ಚಿ, ಮೇಲೆ ಕಲ್ಲು ಹೇರಿ ಒಣಗಿಸುವುದು: ಇದು ನಿನಗೂ ಗೊತ್ತಿರುವ ಪದ್ಧತಿ. ನಿನಗೆ ಗೊತ್ತಿಲ್ಲದ್ದು ಏನೆಂದರೆ, ಎರಡು ವರ್ಷದಿಂದ ಮಾವನ ಹೊಲಿಗೆ ಸೊಟ್ಟಗಾಗುತ್ತಿತ್ತು. ನೂರನೇ ಪುಟ ಆದಮೇಲೆ ಅರವತ್ತನೆಯದು, ಕೆಲವು ಕಟ್ಟುಗಳು ತಲೆಕೆಳಗು. ಅಮ್ಮ ದಾರ ಬಿಚ್ಚಿ, ಜೋಡಿಸಿ, ಅವರ ಹಳೆಯ ತೂತುಗಳಲ್ಲೇ ಮತ್ತೆ ಹೊಲಿಯುತ್ತಿದ್ದಳು. ಪುಟ ಎಣಿಸುವುದು ನಾನು. "ಅವನ ಕಿವಿಗೆ ಬಿತ್ತೋ, ನಿನ್ನ ಚರ್ಮ ಸುಲೀತೀನಿ" ಎಂದಿದ್ದಳು.

ನನಗೆ ಅದು ಹಿಡಿಸುತ್ತಿರಲಿಲ್ಲ. ನನ್ನ ನಾಲಿಗೆಗೆ ಮೂಳೆಯಿಲ್ಲದಿದ್ದರೂ ಸುಳ್ಳಿಗೆ ಬಾಗುವುದಿಲ್ಲ ಎಂದು ಮಾವನೇ ಹೇಳುತ್ತಿದ್ದರಲ್ಲ. ಅವರು ತೀರಿಕೊಂಡ ತಿಂಗಳ ಎರಡನೇ ತಾರೀಕು, ಅಂಗಡಿಯಲ್ಲಿ ಅವರು ಒಂದು ದಪ್ಪ ನಿಘಂಟನ್ನು ಸವರುತ್ತ, "ನೋಡೇ ಬುಗುರಿ, ಹೊಲಿಗೆ ಅಂದ್ರೆ ಇದು" ಎಂದರು.

"ಅದು ನಿಮ್ಮ ಹೊಲಿಗೆ ಅಲ್ಲ ಮಾವ, ಅಮ್ಮಂದು" ಎಂದೆ. ಎಲ್ಲವನ್ನೂ ಹೇಳಿಬಿಟ್ಟೆ.

ಮಾವ ಸಿಟ್ಟಾಗಲಿಲ್ಲ. ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟರು. ನಿಘಂಟಿನ ಬೆನ್ನನ್ನು ಬೆರಳಿನಿಂದ ಮೇಲಿಂದ ಕೆಳಗಿನವರೆಗೆ ಮುಟ್ಟಿ ನೋಡಿದರು. "ಎರಡು ವರ್ಷವೇ? ಅವಳಿಗೆ ಬೆನ್ನುನೋವು ಬೇರೆ ಇತ್ತಲ್ಲೇ" ಎಂದರು. ಮರುದಿನದಿಂದ ಅಂಗಡಿ ತೆಗೆಯಲಿಲ್ಲ. ಅಮ್ಮ ಕೇಳಿದ್ದಕ್ಕೆ, "ಸಾಕಾಯ್ತು ಕಣೇ, ಸ್ವಲ್ಪ ಕೂತ್ಕೋತೀನಿ" ಎಂದರಂತೆ. ನನ್ನ ಹೆಸರು ಹೇಳಲಿಲ್ಲ. ಡಾಕ್ಟರು ಹೃದಯದ ತೊಂದರೆ ಹಳೆಯದೆಂದರು. ನೀನು ನರ್ಸು, ಅದು ನಿನಗೇ ಚೆನ್ನಾಗಿ ಗೊತ್ತು. ನನಗೆ ಗೊತ್ತಿರುವುದು ಆ ಮೂರು ವಾರ ಅವರು ಕಿಟಕಿಯ ಪಕ್ಕ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದದ್ದು.

ಅಮ್ಮನಿಗೆ ಇನ್ನೂ ಹೇಳಿಲ್ಲ. ನೀನು ಹೇಳಬೇಕೆಂದರೆ ಹೇಳು, ಬೈಯಬೇಕೆಂದರೆ ಬೈದು ಬರೆ. ಬರೆಯದೇ ಮಾತ್ರ ಇರಬೇಡ. ಊಟ ನಿದ್ದೆ ಸರಿಯಾಗಿ ಮಾಡು. ನಿನಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ
ಬುಗುರಿ

ಮತ್ತೆ: ಲಕೋಟೆ ಅಂಟಿಸಿದವಳು ಹರಿದು ಇದನ್ನು ಸೇರಿಸುತ್ತಿದ್ದೇನೆ. ಮೇಲೆ ಬರೆದದ್ದು ಓದಿದರೆ ನಾನು ಸತ್ಯಕ್ಕಾಗಿ ಹೇಳಿದೆ ಎನ್ನಿಸುತ್ತದೆ. ಹಾಗಲ್ಲ. ಅವತ್ತು ಮಾವ ನನಗಾಗಿ ಸಂಜೆ ಶಾಲೆಯ ಅರ್ಜಿ ತಂದಿದ್ದರು. ಗಿರಾಕಿಯ ಎದುರಿಗೇ, "ಅರ್ಧಕ್ಕೇ ಬಿಟ್ಟ ಓದು ಮುಗಿಸೇ, ತಾಯಿ" ಎಂದರು. ಗಿರಾಕಿ ನಕ್ಕ. ನನಗೆ ಮೈಯೆಲ್ಲ ಉರಿಯಿತು. ಗಿರಾಕಿ ಹೋಗಲಿ ಎಂದು ಕಾದು, ಮಾವನಿಗೆ ನೋಯಲೆಂದೇ ಹೇಳಿದೆ. ನಾನು ಹೊರಡುವಾಗ ಅವರು, "ಕೋಪಕ್ಕೆ ಹೇಳಿದ್ಯೇನೇ?" ಎಂದು ಮೆಲ್ಲಗೆ ಕೇಳಿದರು. "ಇಲ್ಲ ಮಾವ, ನಿಮ್ಮ ಒಳ್ಳೇದಕ್ಕೆ" ಎಂದೆ. ಅವರು ನಂಬಿದರು ಅಕ್ಕಾ. ನಾನು ಹೇಳಿದರೆ ನಂಬುತ್ತಿದ್ದರು.