ಕಸಕ್ಕೆ ಬಿದ್ದ ಅರ್ಜಿ

ಜುನ್ಬೇಸಿ,
ಅಸೋಜ್ ೨೧

ಪ್ರೀತಿಯ ಮಿತಿನಿಜ್ಯೂಗೆ,

ಕೈಮುಗಿದು ನಮಸ್ಕಾರ. ಹನ್ನೊಂದು ವರ್ಷದ ಮೇಲೆ ಬರೆಯುತ್ತಿದ್ದೇನೆ. ದೇವರ ಮುಂದೆ ಶಾಲು ಬದಲಿಸಿಕೊಂಡು ಮಿತಿನಿಯರಾದವರು ನಾವು, ಒಡಹುಟ್ಟಿಗಿಂತ ಹೆಚ್ಚು. ನನ್ನ ಅಕ್ಷರ ಈಗಲೂ ಐದನೇ ತರಗತಿಯದೇ, ನಗಬೇಡಿ.

ನಿಮ್ಮ ಇಮೇಲ್ ಸಿಕ್ಕಿತು. ಅದು ನನಗೆ ಬರೆದದ್ದಲ್ಲ, ಬೆಟ್ಟ ಹತ್ತುವವರು ತಂಗುವ ನಮ್ಮ ಲಾಡ್ಜ್‌ಗೆ ಕೆಲಸ ಕೇಳಿ ಹಾಕಿದ ಅರ್ಜಿ ಎಂದು ಗೊತ್ತು. ಆದರೆ ಇಲ್ಲಿ ಇಮೇಲ್ ನೋಡುವವಳು ನಾನೇ.

ಲಾಡ್ಜಿನ ಒಡತಿಗೆ ಓದು ಬರುವುದಿಲ್ಲ. ಸಾಹುನಿ ಎಂದೇ ಎಲ್ಲರೂ ಅವರನ್ನು ಕರೆಯುವುದು. ಹೋದ ವರ್ಷ ಒಂಬತ್ತು ಜನ ಜಪಾನಿಗಳು ಕೋಣೆ ಕಾದಿರಿಸಿದ್ದೇವೆಂದು ಬಂದು ನಿಂತರು. ಅವರ ಪತ್ರ ಸ್ಪ್ಯಾಮ್ ಎಂಬ ಕಸದ ಬುಟ್ಟಿಗೆ ಬಿದ್ದಿತ್ತು. ಆಮೇಲೆ ಸಲ್ಲೇರಿಯಿಂದ ಒಬ್ಬ ಮೇಷ್ಟ್ರನ್ನು ಕರೆಸಿ ನನಗೆ ಕಲಿಸಿದರು. "ಐದೇ ಕ್ಲಾಸ್ ಓದಿದ್ರೇನೇ, ಅಕ್ಕಿಯಲ್ಲಿ ಕಲ್ಲು ಆರಿಸೋಕೆ ಬರುತ್ತಲ್ಲ? ಇಲ್ಲಿ ಕಲ್ಲಲ್ಲಿ ಅಕ್ಕಿ ಆರಿಸ್ಬೇಕು, ಅಷ್ಟೇ" ಎಂದರು ಸಾಹುನಿ. ಅಂದಿನಿಂದ ಒಲೆ ಹಚ್ಚುವ ಮೊದಲು ಬುಟ್ಟಿ ತೆರೆಯುತ್ತೇನೆ. ನಿಜವಾದ ಪತ್ರ ಕಂಡರೆ 'ಇದು ಕಸವಲ್ಲ' ಎಂಬಲ್ಲಿ ಒತ್ತುತ್ತೇನೆ. ಒತ್ತದೆ ಬಿಟ್ಟದ್ದು ಮೂವತ್ತು ದಿನಕ್ಕೆ ತಾನಾಗಿ ಅಳಿದುಹೋಗುತ್ತದೆ.

ನಿಮ್ಮದೂ ಬುಟ್ಟಿಗೆ ಬಿದ್ದಿತ್ತು. ಯಾಕೆಂದರೆ ಒಂದೇ ಪತ್ರವನ್ನು ನಲವತ್ತೆರಡು ಲಾಡ್ಜ್‌ಗಳಿಗೆ ಒಟ್ಟಿಗೆ ಕಳಿಸಿದ್ದೀರಿ. ಮೇಲೆ ದೊಡ್ಡ ಅಕ್ಷರದಲ್ಲಿ ತುರ್ತು, ತುರ್ತು ಎಂದು ಬೇರೆ. ಮುಂದಿನ ಸಲ ಹಾಗೆ ಮಾಡಬೇಡಿ. ಒಬ್ಬೊಬ್ಬರಿಗೂ ಬೇರೆಯಾಗಿ, ಅವರ ಹೆಸರು ಹಿಡಿದು ಬರೆಯಿರಿ. ಮೊದಲೇ ಫೋನ್ ಮಾಡಿ, ನಿಮ್ಮ ವಿಳಾಸ ಬರೆದಿಟ್ಟುಕೊಳ್ಳಲು ಹೇಳಿ. ಅವರು ಒಮ್ಮೆ ಉತ್ತರ ಕೊಟ್ಟರೆ ಆಮೇಲೆ ಯಂತ್ರ ನಿಮ್ಮನ್ನು ಗುರುತು ಹಿಡಿಯುತ್ತದೆ.

ನಿಮಗೆ ನಾನು ಇದನ್ನು ಹೇಳಿಕೊಡುವುದೇ! ಹಾಸ್ಟೆಲ್‌ಗೆ ಮೆಟ್ಟೆ ಆಮಾ ಬಂದದ್ದು ನೆನಪಿದೆಯೇ? ನಮ್ಮ ಅರವತ್ತು ಹುಡುಗಿಯರಿಗೂ ವಿದೇಶದಲ್ಲಿ ಓದಿನ ಖರ್ಚು ಕೊಡುವ ಒಬ್ಬೊಬ್ಬ ಧರ್ಮಮಾತೆ ಇದ್ದರು, ಮೆಟ್ಟೆ ಆಮಾ ಅವರಲ್ಲೊಬ್ಬರು. ಆಫೀಸಿನ ಸರ್ ಹೆಸರಷ್ಟೇ ಬದಲಿಸಿ ಒಂದೇ ಪತ್ರವನ್ನು ಅರವತ್ತು ಮಂದಿಗೂ ಇಮೇಲ್‌ನಲ್ಲಿ ಕಳಿಸುತ್ತಿದ್ದರು. ಅವತ್ತು ಮೆಟ್ಟೆ ಆಮಾ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿ, ಮೂಲೆಯ ಕಸದ ಬುಟ್ಟಿಯತ್ತ ಮತ್ತೆ ಮತ್ತೆ ಕೈ ತೋರಿಸಿದರು. ಆ ವೇಗದ ಮಾತು ಸರ್‌ಗೂ ತಿಳಿಯಲಿಲ್ಲ, ಅರ್ಥವಾದದ್ದು ನಿಮಗೊಬ್ಬರಿಗೇ. "ಹಾಸ್ಟೆಲ್ ಚೊಕ್ಕಟವಾಗಿದೆ ಅಂತಿದಾರೆ ಸರ್" ಎಂದಿರಿ. ನಾನು ಕೇಳಿದ್ದಕ್ಕೆ, "ಕೆಳಗೆ ಕಾಗದ ಬಿದ್ದಿದೆಯಲ್ಲ, ಎತ್ತಿ ಬುಟ್ಟಿಗೆ ಹಾಕಬೇಕಂತೆ ಮಿತಿನಿಜ್ಯೂ" ಎಂದಿರಿ. ನಾನು ಬಗ್ಗಿ ಎತ್ತಿದೆ.

ಆ ವಾರದಿಂದ ನೀವು ನಿಮ್ಮ ಧರ್ಮಮಾತೆಗೆ ನಿಮ್ಮದೇ ಮಾತಿನಲ್ಲಿ ಬೇರೆಯಾಗಿ ಬರೆಯತೊಡಗಿದಿರಿ. ಆಫೀಸಿನ ಕಂಪ್ಯೂಟರಿನಲ್ಲಿ ನೀವು ಟೈಪ್ ಮಾಡುವಾಗ ನಾನು ಬಾಗಿಲಲ್ಲಿ ನಿಂತು, ಸರ್ ಬರುತ್ತಾರೆಯೇ ಎಂದು ಕಾಯುತ್ತಿದ್ದೆ. ನನ್ನ ಧರ್ಮಮಾತೆ ನಾನು ಮರೆತೆನೆಂದುಕೊಂಡು ಕೈಬಿಟ್ಟರು. ಟ್ರಂಕ್ ಹೊತ್ತು ಹೊರಟವಳಿಗೆ ನೀವು ಗೇಟಿನಲ್ಲಿ, "ಬರೀತಾ ಇರಿ" ಎಂದಿರಿ. ಸಲ್ಲೇರಿ ಮೇಷ್ಟ್ರು ಪಾಠ ಮಾಡುವಾಗ, ಒಂದೇ ಮಾತಿನ ಪತ್ರ ನೂರು ಕಡೆ ಹೋದರೆ ಯಂತ್ರ ಕಸವೆನ್ನುತ್ತದೆ ಎಂದರು. ಆಗ ನನಗೆ ಮೆಟ್ಟೆ ಆಮಾ ಕೈ ತೋರಿಸಿದ ಆ ಬುಟ್ಟಿ ಅರ್ಥವಾಯಿತು.

ನಿಮ್ಮ ಇಂಗ್ಲಿಷನ್ನು ದಿನಕ್ಕೊಂದು ಸಾಲು, ಅತಿಥಿಗಳು ಬಿಟ್ಟುಹೋದ ನಿಘಂಟು ಹಿಡಿದು ಓದಿದೆ. ನೀವು ಬರೆದಿದ್ದಿರಿ: ಗಂಡ ಕತಾರಿನಲ್ಲಿ, ವರ್ಷದಿಂದ ಸುದ್ದಿಯಿಲ್ಲ. ಮಗಳಿಗೆ ನಾಲ್ಕು ವರ್ಷ. ದಸೈಂ ಹಬ್ಬದೊಳಗೆ ಜೋರ್ಪಾಟಿಯ ಬಾಡಿಗೆ ಕೋಣೆ ಬಿಡಬೇಕು. ಸಂಬಳ ಎಷ್ಟಾದರೂ ಸರಿ, ಮಗುವನ್ನು ಅಡುಗೆಮನೆಯ ಮೂಲೆಯಲ್ಲಿ ಮಲಗಿಸಿಕೊಳ್ಳುತ್ತೇನೆ. ಎಳೆದೆಳೆದು ಓದುವುದರಲ್ಲಿ ಒಂದು ರುಚಿಯಿತ್ತು. ಸುಳ್ಳು ಹೇಳುವುದಿಲ್ಲ. ಮಗಳ ಸಾಲು ಓದಿದ ದಿನ ಬೆರಳು 'ಇದು ಕಸವಲ್ಲ' ಎಂಬುದರ ಮೇಲೆ ಹೋಗಿತ್ತು. ಆಮೇಲೆ ಬೆರಳು ತೆಗೆದೆ.

ಸಾಹುನಿ ದಿನವೂ ಕೇಳುತ್ತಿದ್ದರು: "ಲೆಕ್ಕ-ಗಿಕ್ಕ, ಇಂಗ್ಲಿಷ್ ಬರೋ ಹುಡುಗಿ ಬೇಕು ಅಂತ ದಾರಿಯುದ್ದಕ್ಕೂ ಸಾರಿದೀನಿ. ಒಬ್ಳೂ ಬರೆದಿಲ್ವೇನೇ?"

"ಇಲ್ಲ ಸಾಹುನಿ, ಬರೀ ಕಸ" ಎಂದೆ.

ಮೊನ್ನೆ ತಮ್ಮ ತಂಗಿಯ ಮಗಳನ್ನು ಕರೆಸಿಕೊಂಡರು. ಅವಳ ಇಂಗ್ಲಿಷ್ ನಿಮ್ಮ ಕಾಲಿನ ಧೂಳಿಗೂ ಸಮವಲ್ಲ.

ಪುಟ್ಟಿಗೆ ನನ್ನ ಮುತ್ತು. ಚಳಿ ಹೆಚ್ಚುತ್ತಿದೆ, ಅವಳ ಕಿವಿ ಮುಚ್ಚಿರಿ.

ಎಂದೆಂದಿಗೂ ನಿಮ್ಮ,
ಮಿತಿನಿ

ಇನ್ನೊಂದು ಮಾತು: ನಿನ್ನೆ ನಿಮ್ಮ ಪತ್ರದ ಕೊನೆಗೆ ಬಂದಾಗ ಎರಡು ಸಾಲು ಉಳಿದಿದ್ದವು. ಅವುಗಳಲ್ಲಿ ನನ್ನ ಹೆಸರಿತ್ತು. ಸುನ್‌ಕೇಸರಿ. ಅಷ್ಟು ಓದುವಷ್ಟರಲ್ಲಿ ಕರೆಂಟ್ ಹೋಯಿತು. ಬೆಳಿಗ್ಗೆ ತೆರೆದರೆ ಮೂವತ್ತು ದಿನ ತುಂಬಿ ಪತ್ರವೇ ಇರಲಿಲ್ಲ. ಮಿತಿನಿಯರು ಸಾಯುವತನಕ ಒಬ್ಬರ ಹೆಸರನ್ನು ಒಬ್ಬರು ಎತ್ತಬಾರದು. ನೀವು ಒಮ್ಮೆಯೂ ಎತ್ತಿದವರಲ್ಲ. ಕಂಡಕಂಡ ಲಾಡ್ಜಿನವರಿಗೆಲ್ಲ ನನ್ನ ಹೆಸರು ಯಾಕೆ ಬರೆದಿರಿ? ನಾನು ಇಲ್ಲಿದ್ದೇನೆಯೇ ಎಂದು ವಿಚಾರಿಸುತ್ತಿದ್ದಿರಾ? ಈ ಕಾಗದವನ್ನು ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದೇನೆ. ಕೋಣೆ ಇನ್ನೂ ಬಿಟ್ಟಿರದಿದ್ದರೆ ಆ ಎರಡು ಸಾಲು ಬರೆದು ಕಳಿಸಿ. ನೇಪಾಳಿಯಲ್ಲೇ ಬರೆಯಿರಿ.